ನಂಜುಂಡಸ್ವಾಮಿಯವರ ಕಾರ್ ಫೋಟೊ

ಮೈಸೂರಿನ ಹಿನಕಲ್ಲಿನಲ್ಲೋ ವಿಜಯನಗರದಲ್ಲೋ ಐವತ್ತು ದಾಟಿದ ಹೆಂಗಸರಿರುವ ಮನೆಗೆ ಹೋದರೆ, ಒಂದಿಷ್ಟು ಸಲಿಗೆ ಬೆಳೆದ ಮೇಲೆ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಏನಿಟ್ಟಿದ್ದೀರಿ ಎಂದು ಕೇಳಿ ನೋಡಿ. ಮೊದಲು ಏನೂ ಇಲ್ಲ ಅನ್ನುತ್ತಾರೆ. ಆಮೇಲೆ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಫೋಟೊ ತೆಗೆದು ಕೈಗಿಡುತ್ತಾರೆ. ಫೋಟೊದಲ್ಲಿ ಒಂದು ಹಳೇ ಕಾಲದ ಗುಂಡು ಮೂತಿಯ ಕಾರು. ಅದಕ್ಕೆ ಒರಗಿ ನಿಂತ ಒಬ್ಬ ಪ್ರಾಯದ ಹೆಂಗಸು. ಚುಕ್ಕಿ ಸೀರೆ, ಎತ್ತಿ ಕಟ್ಟಿದ ಕೂದಲು, ಹಣೆಯ ಮೇಲಕ್ಕೆ ಸರಿಸಿದ ತಂಪು ಕನ್ನಡಕ, ಒಂದು ಕೈ ಸೊಂಟದ ಮೇಲೆ, ಒಂದು ಕಾಲು ಬಂಪರಿನ ಮೇಲೆ. ಕಪ್ಪು ಬಿಳುಪಿನ ಚಿತ್ರಕ್ಕೆ ಕುಂಚದಲ್ಲಿ ತೀಡಿದ ಗುಲಾಬಿ ಕೆನ್ನೆ, ಕೆಂಪು ತುಟಿ, ಆಕಾಶದ ಬಣ್ಣದ ಕಾರು.

ಇವಳು ನೀವಾ ಎಂದು ಕೇಳುವ ಹಾಗಿಲ್ಲ, ಕೇಳದೆ ಇರುವ ಹಾಗೂ ಇಲ್ಲ.

ಎಷ್ಟು ಮನೆಯ ಫೋಟೊ ನೋಡಿದರೂ ಒಂದು ಸಂಗತಿ ಮಾತ್ರ ಬದಲಾಗುವುದಿಲ್ಲ. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಎಲ್ಲರೂ ಒಂದೇ ಪಕ್ಕಕ್ಕೆ ಕತ್ತು ತಿರುಗಿಸಿ, ಚಿತ್ರದ ಅಂಚಿನಾಚೆ ಇರುವ ಏನನ್ನೋ ಕಂಡು ನಗುತ್ತಿದ್ದಾರೆ. ಅದೂ ಎಂತಹ ನಗು? ಮದುವೆ ಫೋಟೊದಲ್ಲಿ ನಗುವ ನಗುವಲ್ಲ. ಅಡಿಗೆಮನೆಯಲ್ಲಿ ಅಕ್ಕತಂಗಿಯರು ಸೇರಿದಾಗ ನಗುವ ನಗು. ಅಂಚಿನಾಚೆ ಇದ್ದವರು ನಂಜುಂಡಸ್ವಾಮಿ.

ಆ ಮನುಷ್ಯನನ್ನು ನೋಡಿದ್ದವರಿಗೆ ಈ ಮಾತು ನಂಬಿಕೆಗೆ ಬರುವುದಿಲ್ಲ. ಆಳೆಂದರೆ ಕಣಜದಂತಹ ಆಳು. ಬೆಳಗ್ಗೆ ಪೂಜೆ ಮುಗಿಸಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದರೆ ಸಂಜೆಯವರೆಗೂ ಅದು ಮಾಸುತ್ತಿರಲಿಲ್ಲ. ಅದರ ಕೆಳಗೆ ಪೊದೆ ಮೀಸೆ, ಮೀಸೆಯ ಕೆಳಗೆ ಅಪರೂಪಕ್ಕೆ ತೆರೆಯುವ ಬಾಯಿ. ಹಿನಕಲ್ಲು ಇನ್ನೂ ಅರ್ಧ ಹಳ್ಳಿ, ಅರ್ಧ ಮೈಸೂರು ಆಗಿದ್ದ ಕಾಲದಲ್ಲಿ ದೊಡ್ಡ ರಸ್ತೆಯ ಬದಿಗೆ ಒಂದು ಸ್ಟುಡಿಯೋ ಇಟ್ಟಿದ್ದರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ತೀರಿಕೊಂಡವರ ಫೋಟೊ ದೊಡ್ಡದು ಮಾಡಿಕೊಡುವುದು, ಇಷ್ಟೇ ಅವರ ಕಸುಬು. ಹೆಂಡತಿ ಚೂಡಾಮಣಿ ಒಳಗಿನ ಕೋಣೆಯಲ್ಲಿ ಕೂತು ಕಪ್ಪು ಬಿಳುಪು ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು, ಬಂದ ಹೆಣ್ಣುಮಕ್ಕಳಿಗೆ ತಲೆ ಬಾಚಿ ಹೂ ಮುಡಿಸುತ್ತಿದ್ದರು. ಒಬ್ಬಳೇ ಮಗಳು ನಿಶ್ಚಿತಾ.

ಆದರೆ ನಂಜುಂಡಸ್ವಾಮಿಯವರ ಮೀಸೆ ಚಿಗುರುವ ಮುಂಚಿನ ಕಥೆ ಬೇರೆಯೇ ಇತ್ತು. ಆಗ ಊರಿನ ಹುಡುಗರು ಸೇರಿ ಶಿವರಾತ್ರಿ ಜಾಗರಣೆಗೆ ನಾಟಕ ಆಡುತ್ತಿದ್ದರು. ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ನಾಟಕದ ಮೇಷ್ಟ್ರು ಚಿಕ್ಕಬಸವಯ್ಯನವರ ಕಣ್ಣು ಈ ಬೆಳ್ಳಗಿನ ಹುಡುಗನ ಮೇಲೆ ಬಿತ್ತು. ಎದೆಯ ಮೇಲೆ ಸೆರಗು ಹೊದಿಸಿ, ಬೆತ್ತ ಹಿಡಿದು ನಡಿಗೆ ಕಲಿಸಿದರು. ನಿಂತರೆ ಎಲ್ಲಿ ಭಾರ ಬಿಡಬೇಕು, ನಾಚಿದರೆ ಕತ್ತು ಎಷ್ಟು ವಾಲಬೇಕು, ಕೋಪ ಬಂದರೆ ಬೆನ್ನು ಹೇಗೆ ಮಾತಾಡಬೇಕು, ಎಲ್ಲವನ್ನೂ ಮೈಗೆ ಇಳಿಸಿಬಿಟ್ಟರು. ರಾಣಿಯಾಗಿ ಬಂದ ನಂಜುಂಡನನ್ನು ಕಂಡು ಮುಂದಿನ ಸಾಲಿನ ಮುದುಕಿಯರು ದೃಷ್ಟಿ ತೆಗೆದರಂತೆ. ಮೀಸೆ ಬಂತು, ಹೊಟ್ಟೆ ಬಂತು, ರಾಣಿ ಹೋದಳು. ಹೋದಳು ಎಂದೇ ಅವರೂ ತಿಳಿದಿದ್ದರು.

ತೊಂಬತ್ತಮೂರರ ಸುಮಾರಿಗೆ ಚಾಮುಂಡೇಶ್ವರಿ ಎಂಬ ಹುಡುಗಿ ಸ್ಟುಡಿಯೋಗೆ ಬಂದಳು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ ಅವಳದು. ಹೊಸದಾಗಿ ಮದುವೆಯಾಗಿತ್ತು. ತಾತನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ ಒಂದು ಕ್ಯಾಲೆಂಡರ್ ಚಿತ್ರವನ್ನು ಜೋಪಾನವಾಗಿ ಕಿತ್ತು ತಂದಿದ್ದಳು. ಯಾವುದೋ ಟೈರ್ ಅಂಗಡಿಯವರು ಎಂದೋ ಹಂಚಿದ್ದ ಕ್ಯಾಲೆಂಡರು. ಅದರಲ್ಲಿ ಒಬ್ಬ ಬಿಳೀ ಹೆಂಗಸು, ತಲೆಗೆ ಚುಕ್ಕಿ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಹಾರುವ ಲಂಗವನ್ನು ಒಂದು ಕೈಯಲ್ಲಿ ಅದುಮಿಕೊಂಡು, ಕಾರಿನ ಬಾನೆಟ್ಟಿಗೆ ಒರಗಿ ಕಣ್ಣು ಮಿಟುಕಿಸುತ್ತಿದ್ದಳು.

"ಇಂಗೇ ಬೇಕು ಸಾರ್," ಅಂದಳು ಚಾಮುಂಡೇಶ್ವರಿ. "ಆದ್ರೆ ಸೀರೇಲಿ."

ನಂಜುಂಡಸ್ವಾಮಿ ಚಿತ್ರ ನೋಡಿದರು, ಅವಳನ್ನು ನೋಡಿದರು, ಮನೆಯವರಿಗೆ ಗೊತ್ತೇನಮ್ಮ ಎಂದು ಕೇಳಿದರು. ಮದುವೆಗೆ ತೆಗೆಸಿದ ಫೋಟೊದಲ್ಲಿ ತಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತೇನೆ, ಅದು ಮನೆಯವರಿಗೆ ಇರಲಿ, ಇದು ನನಗೆ ಅಂದಳು. ಒಳಗಿನಿಂದ ಚೂಡಾಮಣಿ ಕೇಳಿಸಿಕೊಂಡು ಬಂದು, ಕೈಯಲ್ಲಿ ಬಣ್ಣದ ಕುಂಚ ಹಾಗೇ ಇತ್ತು, ಚಿತ್ರವನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕೂದಲು ನಾನು ಕಟ್ಟಿಕೊಡುತ್ತೇನೆ, ಒಳಗೆ ಚೌರಿ ಇಟ್ಟು ಎತ್ತಿದರೆ ಹೀಗೇ ಕೂರುತ್ತದೆ ಅಂದರು. ಅಲ್ಲಿಗೆ ಮಾತು ಮುಗಿಯಿತು. ಉಳಿದದ್ದು ಕಾರು.

ಕಾರು ಇದ್ದದ್ದು ವಿಜಯನಗರದ ಸದಾಶಿವಯ್ಯನವರ ಮನೆಯಲ್ಲಿ. ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದು ನಿವೃತ್ತರಾದ ಮನುಷ್ಯ. ಲಕ್ಷ್ಮೀಪುರಂನ ಡಾಕ್ಟರೊಬ್ಬರ ಮನೆಯಿಂದ ಕೊಂಡ ಒಂದು ನೀಲಿ ಮಾರಿಸ್ ಮೈನರ್ ಅವರ ಪ್ರಾಣ. ದಿನಾ ಒರೆಸುತ್ತಿದ್ದರು, ಭಾನುವಾರ ಓಡಿಸುತ್ತಿದ್ದರು, ಮಿಕ್ಕ ದಿನ ಅದರ ಜತೆ ಮಾತಾಡುತ್ತಿದ್ದರು. ಕೇಳಿದ ಕೂಡಲೇ ಇಲ್ಲ ಅನ್ನಲಿಲ್ಲ, ಷರತ್ತು ಹಾಕಿದರು. ಬಾನೆಟ್ಟಿನ ಮೇಲೆ ಕೂರುವುದಾದರೆ ಕಂಬಳಿ ಮಡಿಸಿ ಹಾಕಬೇಕು. ಸೀರೆಗೆ ಹಾಕಿದ ಪಿನ್ನು, ಸೊಂಟದ ಡಾಬು, ಬಳೆ, ಯಾವುದೂ ಬಣ್ಣಕ್ಕೆ ತಾಗಕೂಡದು. ಮತ್ತೆ, ಕಾರು ಇರುವಲ್ಲಿ ತಾನೂ ಇರಬೇಕು. ಆದರೆ ಹೆಣ್ಣುಮಕ್ಕಳಿಗೆ ಸಂಕೋಚ ಆಗಬಾರದಲ್ಲ, ಅದಕ್ಕೆ ಒಂದು ಸ್ಟೂಲು ತಂದು ಬೆನ್ನು ತಿರುಗಿಸಿ ಪೇಪರ್ ಹಿಡಿದು ಕೂರುತ್ತೇನೆ ಅಂದರು. ಹಾಗೇ ಕೂತರು. ಆಮೇಲಿನ ವರ್ಷಗಳಲ್ಲೂ ಒಂದು ಸಲವೂ ತಿರುಗಿ ನೋಡಲಿಲ್ಲ.

ಆಗ ವಿಜಯನಗರದ ಹೊಸ ಬಡಾವಣೆಗೆ ರಸ್ತೆ ಬಂದಿತ್ತು, ಮನೆಗಳು ಇನ್ನೂ ಬಂದಿರಲಿಲ್ಲ. ಸೈಟಿನ ಕಲ್ಲುಗಳ ನಡುವೆ ಕರೀ ಡಾಂಬರು ರಸ್ತೆ ಬರೀ ಆಕಾಶಕ್ಕೆ ಹೋಗುತ್ತಿದೆಯೋ ಎಂಬಂತೆ ಮಲಗಿರುತ್ತಿತ್ತು. ಅಲ್ಲಿ ಕಾರು ನಿಲ್ಲಿಸಿದರು. ಚಾಮುಂಡೇಶ್ವರಿಯನ್ನು ಕಾರಿನ ಮೂತಿಗೆ ನಿಲ್ಲಿಸಿದರು. ಅವಳೋ, ಮನೆಯಿಂದ ಅಷ್ಟು ಧೈರ್ಯ ತಂದವಳು, ಕ್ಯಾಮೆರಾ ಕಂಡದ್ದೇ ತಡ, ರೇಷನ್ ಕಾರ್ಡಿಗೆ ನಿಂತವಳ ಹಾಗೆ ಎರಡೂ ಕೈ ಇಳಿಬಿಟ್ಟು ನಿಂತುಬಿಟ್ಟಳು. ಕತ್ತು ಸ್ವಲ್ಪ ಓರೆ ಮಾಡಮ್ಮ ಅಂದರೆ ಇಡೀ ಮೈ ಓರೆಯಾಗುತ್ತಿತ್ತು. ಸೊಂಟದ ಮೇಲೆ ಕೈ ಇಡಮ್ಮ ಅಂದರೆ ಜಗಳಕ್ಕೆ ನಿಂತವಳ ಹಾಗೆ ಇಟ್ಟಳು. ಮುಟ್ಟಿ ತಿದ್ದುವ ಹಾಗಿಲ್ಲ, ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಬಿಸಿಲು ಇಳಿಯುತ್ತಿತ್ತು.

ನಂಜುಂಡಸ್ವಾಮಿಯವರ ಕೈಯಲ್ಲಿ ಒಂದು ರಬ್ಬರ್ ಬುರುಡೆ ಇತ್ತು. ಅದರಿಂದ ಉದ್ದನೆಯ ಕೊಳವೆ ಕ್ಯಾಮೆರಾಕ್ಕೆ ಹೋಗಿರುತ್ತದೆ. ಬುರುಡೆ ಅಮುಕಿದರೆ ದೂರದಿಂದಲೇ ಫೋಟೊ ಬೀಳುತ್ತದೆ. ಅದನ್ನು ಹಿಡಿದುಕೊಂಡೇ ಕಾರಿನ ಹಿಂಭಾಗಕ್ಕೆ ಹೋದರು, ಚಿತ್ರದಲ್ಲಿ ಬೀಳದ ಜಾಗಕ್ಕೆ. ಆಮೇಲೆ ಆ ಕಣಜದಂತಹ ಮೈ ಬಳ್ಳಿಯ ಹಾಗೆ ಬಳುಕಿತು. ಭಾರವೆಲ್ಲ ಒಂದು ಕಾಲಿಗೆ ಇಳಿಯಿತು, ಇನ್ನೊಂದು ಕಾಲು ಬಂಪರಿನ ಮೇಲೆ ಹಗುರಾಗಿ ಕೂತಿತು, ಕತ್ತು ಭುಜದ ಕಡೆ ವಾಲಿತು, ವಿಭೂತಿಯ ಕೆಳಗೆ ಒಂದು ಕಣ್ಣು ಮುಚ್ಚಿ ತೆರೆಯಿತು. ಹೋಗಿದ್ದಳು ಅಂದುಕೊಂಡಿದ್ದ ರಾಣಿ ಎಲ್ಲಿಗೂ ಹೋಗಿರಲಿಲ್ಲ.

ಚಾಮುಂಡೇಶ್ವರಿ ತಿರುಗಿ ನೋಡಿ ನಕ್ಕಳು. ನಗು ಅಂದರೆ, ಕಾರಿಗೆ ಒರಗದೆ ನಿಲ್ಲಲಾರದಂತಹ ನಗು. ಒರಗಿದಳು, ಕೈ ತಾನಾಗಿ ಸೊಂಟಕ್ಕೆ ಹೋಯಿತು, ಸೆರಗು ಗಾಳಿಗೆ ಹಾರಿತು. ಅವಳ ನಗುವಿಗೆ ಬೆಚ್ಚಿ ನಂಜುಂಡಸ್ವಾಮಿ ಬುರುಡೆ ಅಮುಕಿಬಿಟ್ಟರು. ಫಿಲ್ಮು ಹಾಳಾಯಿತು ಎಂದುಕೊಂಡೇ ಮನೆಗೆ ಬಂದು, ನಡೆದದ್ದನ್ನು ಹೆಂಡತಿಗೆ ಹೇಳಿದರು. ಕತ್ತಲೆ ಕೋಣೆಯಲ್ಲಿ, ರಾಸಾಯನಿಕ ಬೆರೆಸಿದ ನೀರಿನ ತಟ್ಟೆಯೊಳಗಿನ ಕಾಗದದ ಮೇಲೆ ಆ ನಗು ಮೆಲ್ಲಗೆ ಮೂಡಿದ್ದನ್ನು ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇವಳನ್ನ ಎಂದು ಚೂಡಾಮಣಿ ಗಂಡನನ್ನು ಚುಚ್ಚಿದರು. ಹುಡುಗಿಯನ್ನು ಕುರಿತು ಹೇಳಿದ ಮಾತಲ್ಲ ಅದು, ರಾಣಿಯನ್ನು ಕುರಿತು.

ಅಲ್ಲಿಂದ ಕಾರ್ ಫೋಟೊ ಎಂಬುದು ಹೆಂಗಸರ ಬಾಯಿಂದ ಬಾಯಿಗೆ ಹೋಯಿತು. ಕಾರ್ಖಾನೆಯವರು ಬಂದರು, ಟೀಚರಮ್ಮಂದಿರು ಬಂದರು, ಹೊಲಿಗೆ ಅಂಗಡಿಯವಳು ಬಂದಳು, ಬೊಂಬೆ ಕೂರಿಸಲು ಸಾಮಾನು ತರುತ್ತೇನೆ ಎಂದು ಅತ್ತೆಗೆ ಹೇಳಿ ಸೊಸೆಯರು ಬಂದರು. ಎಲ್ಲರೂ ಹೇಳುತ್ತಿದ್ದದ್ದು ಅದೇ: ಹಾಗೇ ಬೇಕು, ಆದರೆ ಸೀರೆಯಲ್ಲಿ. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಅವುಗಳಲ್ಲಿ ಒಂದೂ ಇಲ್ಲ. ಅಲ್ಲಿ ಬರೀ ಮಕ್ಕಳು, ಮದುಮಕ್ಕಳು. ಆ ಮನುಷ್ಯ ತೆಗೆದ ಅತ್ಯುತ್ತಮ ಚಿತ್ರಗಳೆಲ್ಲ ಊರಿನ ಬೀರುಗಳೊಳಗೆ ಸೇರಿಕೊಂಡವು.

ಬಯಲಿನಲ್ಲಿ ಮಾಡುವ ಕೆಲಸ ಮುಚ್ಚಿಡಲು ಆಗುತ್ತದೆಯೇ? ಹೆಬ್ಬಾಳದ ಕಡೆಗೆ ಹೋಗುವ ಶಿಫ್ಟ್ ಬಸ್ಸು ಆ ರಸ್ತೆಯ ತುದಿಯಲ್ಲಿ ತಿರುಗುತ್ತಿತ್ತು. ಕಿಟಕಿಯವರಿಗೆ ಕಾಣುತ್ತಿದ್ದದ್ದು ಕಾರಿನ ಮುಂದೆ ನಿಂತ ಹೆಂಗಸಲ್ಲ, ಹಿಂದೆ ಬಳುಕುವ ನಂಜುಂಡಸ್ವಾಮಿ. ಕಾರ್ಖಾನೆಯವರು ಕೈ ಬೀಸಿ ಹೋಗುತ್ತಿದ್ದರು. ನಂಜುಂಡಸ್ವಾಮಿಯವರೂ ಬಳುಕಿದ ಕೈಯಲ್ಲೇ ಬೀಸುತ್ತಿದ್ದರು. ಅದರಲ್ಲಿ ಅವರಿಗೆ ನಾಚಿಕೆಯೇನೂ ಇರಲಿಲ್ಲ. ಚಿಕ್ಕವಳಿದ್ದಾಗ ನಿಶ್ಚಿತಾ ಅಪ್ಪನ ಹಿಂದೆ ನಿಂತು ತಾನೂ ಬಳುಕುತ್ತಿದ್ದಳು. ಆಮೇಲೆ ಶಾಲೆ, ಪಾಠ, ಟ್ಯೂಷನ್ ಎಂದು ಬರುವುದು ನಿಂತುಹೋಯಿತು.

ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ, ಎರಡು ಸಾವಿರದೊಂದು ಇರಬೇಕು, ಅವಳ ಕಾಲೇಜಿನ ವಾರ್ಷಿಕೋತ್ಸವಕ್ಕೆ ಫೋಟೊ ತೆಗೆಯಲು ಅಪ್ಪನನ್ನೇ ಕರೆದರು. ಬಹುಮಾನ, ಭಾಷಣ, ಹಾಡು ಎಲ್ಲ ಮುಗಿದು ಹುಡುಗರ ಅಣಕು ನಾಟಕ ಬಂತು. ಗುರುಕಿರಣ್ ಎಂಬ ಹುಡುಗ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಹಣೆಗೆ ಸೀಮೆಸುಣ್ಣದ ಮೂರು ಗೆರೆ ಎಳೆದುಕೊಂಡು, ಮೀಸೆ ಅಂಟಿಸಿಕೊಂಡು ಬಂದ. ಇಬ್ಬರು ಹುಡುಗರು ಬಗ್ಗಿ ಕಾರಾದರು. ಅವರ ಬೆನ್ನಿಗೆ ಒರಗಿ ಅವನು ಬಳುಕಿದ, ತುಟಿ ಕಚ್ಚಿದ, ಕಣ್ಣು ಹೊಡೆದ. ಹಿಂದಿನಿಂದ ಯಾರೋ ಹಿನಕಲ್ ಸುಂದರಿ ಎಂದು ಕೂಗಿದರು. ಸಭಾಂಗಣ ಬಿದ್ದೂ ಬಿದ್ದೂ ನಕ್ಕಿತು. ನಂಜುಂಡಸ್ವಾಮಿಯವರಿಗೂ ನಗು ಬಂತು, ಹುಡುಗ ಚೆನ್ನಾಗೇ ಮಾಡುತ್ತಿದ್ದ. ವೇದಿಕೆಯ ಕೆಳಗೆ ನಿಂತು ಅವನ ಫೋಟೊವನ್ನೂ ತೆಗೆದರು. ತೆಗೆದು, ಮಗಳೂ ನಗುತ್ತಿರಬೇಕು ಎಂದು ಹುಡುಗಿಯರ ಸಾಲಿನ ಕಡೆ ತಿರುಗಿದರು. ಅವಳ ಕುರ್ಚಿ ಖಾಲಿ ಇತ್ತು.

ಮನೆಗೆ ಬಂದಾಗ ನಿಶ್ಚಿತಾ ಊಟ ಬೇಡ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಾರನೆಯ ದಿನ ಕಾಫಿ ಲೋಟ ಮುಂದೆ ಇಟ್ಟುಕೊಂಡು ಮಾತು ತೆಗೆದಳು. ರಾತ್ರಿಯೆಲ್ಲ ಹೊಂದಿಸಿಕೊಂಡಿದ್ದ ಮಾತು ಎಂದು ಗೊತ್ತಾಗುತ್ತಿತ್ತು.

"ಅಪ್ಪಾಜಿ, ಕಾರ್ ಫೋಟೊ ತೆಗೀಬೇಡಿ ಅನ್ನಲ್ಲ ನಾನು. ಆ ತೋರಿಸ್ಕೊಡೋದು ಒಂದು ಬಿಟ್ಬುಡಿ. ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಸಾಕು ಕಣಮ್ಮ," ಅಂದರು ನಂಜುಂಡಸ್ವಾಮಿ. "ಬಿಟ್ಟೆ."

ಅಷ್ಟೇ. ಅಪ್ಪ ವಾದ ಮಾಡುತ್ತಾರೆ, ತಾನು ಅಳುತ್ತೇನೆ, ಕೂಗಾಡುತ್ತೇನೆ ಎಂದು ಸಿದ್ಧಳಾಗಿ ಬಂದವಳಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಕಾಫಿ ಆರಿಹೋಯಿತು.

ನಂಜುಂಡಸ್ವಾಮಿ ಕೊಟ್ಟ ಮಾತಿಗೆ ನಿಂತರು. ಕ್ಯಾಮೆರಾದ ಹಿಂದೆ ಗೂಟದ ಹಾಗೆ ನಿಂತು, ಕೈ ಬೆನ್ನಿಗೆ ಕಟ್ಟಿಕೊಂಡು, ಕತ್ತು ಓರೆ ಮಾಡಿ, ಕಾಲು ಮುಂದಿಡಿ, ಸ್ವಲ್ಪ ನಗಿ ಎಂದು ಹೇಳುವರು. ಹೆಂಗಸರು ಓರೆ ಮಾಡುವರು, ಇಡುವರು, ಹಲ್ಲು ತೋರಿಸುವರು. ಫೋಟೊ ಬರುತ್ತಿತ್ತು, ಅದರಲ್ಲಿ ಕಾರು ಚೆನ್ನಾಗಿರುತ್ತಿತ್ತು. ಒಬ್ಬಳು ಫೋಟೊ ನೋಡಿ, ನಮ್ಮಕ್ಕಂದು ಹೀಗಿಲ್ವಲ್ಲ ಸಾರ್ ಎಂದು ಮುಖ ಸಣ್ಣಗೆ ಮಾಡಿಕೊಂಡು ಹೋದಳು. ಬರುವವರು ಕಡಿಮೆಯಾದರು. ಚೂಡಾಮಣಿ ಕೆನ್ನೆಗೆ ಎಷ್ಟು ಗುಲಾಬಿ ಬಣ್ಣ ತೀಡಿದರೂ ಅದು ಮೇಲೆ ಬಳಿದ ಬಣ್ಣವಾಗಿಯೇ ಉಳಿಯಿತು.

ಒಂದು ದಿನ ಕೆಲಸ ಮುಗಿದು ಕಂಬಳಿ ಮಡಿಸುವಾಗ ಸದಾಶಿವಯ್ಯನವರು ಪೇಪರ್ ಸುತ್ತಿ ಕಂಕುಳಿಗೆ ಇಟ್ಟುಕೊಂಡು, ಇತ್ತೀಚೆಗೆ ಯಾರೂ ನಗುವುದೇ ಇಲ್ಲವಲ್ಲ ಸ್ವಾಮೇರೇ ಎಂದು ಕೇಳಿದರು. ನೀವು ಪೇಪರ್ ಓದುತ್ತಿರುತ್ತೀರಲ್ಲ, ನಿಮಗೆ ಹೇಗೆ ಗೊತ್ತು ಎಂದು ಚೂಡಾಮಣಿ ಕೆಣಕಿದರು.

"ಪೇಪರ್ ಯಾರು ಓದ್ತಿದ್ರಮ್ಮ?" ಅಂದರು ಆ ಮುದುಕರು. "ಮನೇಲಿ ನಗೋ ಸದ್ದು ಕೇಳಿ ಬಾಳ ಕಾಲ ಆಗಿತ್ತು. ಅದಕ್ಕೇ ಕಾರು ಕೊಡ್ತಿದ್ದೆ."

ಆ ಸಂಜೆ ಚೂಡಾಮಣಿ ಗಂಡನನ್ನು ಕೂರಿಸಿಕೊಂಡು, ಮಗಳ ಹತ್ತಿರ ನಾನು ಮಾತಾಡಲೇ ಎಂದು ಕೇಳಿದರು. ನಂಜುಂಡಸ್ವಾಮಿ ಬೇಡವೆಂದರು. "ಅವಳು ತಲೆ ಎತ್ತಿಕೊಂಡು ಓಡಾಡ್ಲಿ ಕಣೆ. ನಾನು ಸೊಂಟ ಬಳುಕಿಸದೆ ಇದ್ರೆ ಯಾರ ಗಂಟು ಹೋಗುತ್ತೆ?" ಹೀಗೆಂದು ನಕ್ಕರು. ಆದರೆ ಆಗಿನಿಂದ ಮನೆಯಲ್ಲಿ ಅವರ ಮಾತು ಇನ್ನೂ ಕಡಿಮೆಯಾಯಿತು. ಕೂತಲ್ಲಿ ಕೂತಿರುವರು. ಮಗಳು ಎದುರಿಗೆ ಬಂದರೆ ಮೈ ಹಿಡಿ ಮಾಡಿಕೊಂಡು ನೆಟ್ಟಗಾಗುವರು, ಹೆಡ್‌ಮಾಸ್ತರರ ಮುಂದೆ ಕೂತವರ ಹಾಗೆ. ಇದು ನಿಶ್ಚಿತಾಳ ಕಣ್ಣಿಗೂ ಬಿದ್ದಿತ್ತು. ತಾನು ಅಪ್ಪನಿಂದ ಕಿತ್ತುಕೊಂಡದ್ದು ಒಂದು ಕೆಟ್ಟ ಅಭ್ಯಾಸ ಎಂದು ಅವಳು ತಿಳಿದಿದ್ದಳು. ಅದರ ಜತೆ ಇನ್ನೇನೋ ಕಿತ್ತುಬಂದ ಹಾಗಿತ್ತು. ಅದೇನೆಂದು ಕೇಳುವ ದಾರಿ ಅವಳಿಗೆ ತಿಳಿಯಲಿಲ್ಲ.

ಹೀಗಿರುವಾಗ ಒಂದು ಶನಿವಾರ ಚಾಮುಂಡಮ್ಮ ಎಂಬುವರು ಬಂದರು, ಮೊದಲ ಕಾರ್ ಫೋಟೊದ ಚಾಮುಂಡೇಶ್ವರಿಯಲ್ಲ, ಬೇರೆಯವರು. ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅಡಿಗೆ ಮಾಡುತ್ತಿದ್ದ ಹೆಂಗಸು, ಐವತ್ತರ ಮೇಲಿನ ವಯಸ್ಸು. ಹಾಸ್ಟೆಲ್ಲಿನ ಹುಡುಗಿಯರೇ ಸೇರಿ ಅವರಿಗೆ ಚುಕ್ಕಿ ಸೀರೆ ಉಡಿಸಿ, ತಂಪು ಕನ್ನಡಕ ಕೊಟ್ಟು, ಕಾರ್ ಫೋಟೊ ತೆಗೆಸಿಕೊಂಡು ಬನ್ನಿ ಎಂದು ಕಳಿಸಿದ್ದರು. ಆಕೆ ಮಾತಾಡುವಾಗ ಸೆರಗಿನ ತುದಿ ಬಾಯಿಯ ಮುಂದೆಯೇ ಇರುತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಮುಂದಿನ ಹಲ್ಲು ಉಬ್ಬಿಕೊಂಡಿದ್ದವಂತೆ. ಓರಗೆಯವರು ಕೊಬ್ಬರಿ ತುರಿಯೋಕೆ ತುರಿಮಣೆ ಬೇಡ, ಇವಳೇ ಸಾಕು ಅನ್ನುತ್ತಿದ್ದರಂತೆ. ಅವತ್ತು ಎಳೆದುಕೊಂಡ ಸೆರಗು ಇವತ್ತಿನವರೆಗೂ ಇಳಿದಿರಲಿಲ್ಲ. ಈಗ ಒಸಡು ಕೆಟ್ಟು ಅಷ್ಟೂ ಹಲ್ಲು ಕೀಳಬೇಕು, ಸೋಮವಾರ ಬಾ ಎಂದು ಡಾಕ್ಟರು ಹೇಳಿದ್ದರು.

"ಜೀವಮಾನ ಎಲ್ಲ ಮುಚ್ಚಿಕೊಂಡೇ ಇದ್ದೆ ಕಣಪ್ಪ," ಅಂದರು ಚಾಮುಂಡಮ್ಮ. "ಹೋಗೋ ಮುಂಚೆ ಒಂದ್ಸಲ ಅವನ್ನ ಕಣ್ತುಂಬ ನೋಡ್ಬುಡಾಣ ಅಂತ. ನಕ್ಕಿದ್ದೇ ತೆಗೀಬೇಕು."

ಚೂಡಾಮಣಿ ಆಕೆಯ ಕೂದಲು ಎತ್ತಿ ಕಟ್ಟಿದರು. ಕಟ್ಟಿ ಮುಗಿಸಿ, ನನಗೆ ಯಾಕೋ ಜ್ವರ ಬಂದ ಹಾಗಿದೆ, ಬಿಸಿಲಿಗೆ ಬರಲಾರೆ, ಬೆಳಕಿನ ಹಲಗೆ ಹಿಡಿಯಲು ನಿಶ್ಚಿತಾ ಹೋಗಲಿ ಅಂದರು. ಜ್ವರ ಇತ್ತೋ ಇಲ್ಲವೋ, ಹಣೆ ಮುಟ್ಟಿ ನೋಡಿದವರು ಯಾರೂ ಇಲ್ಲ.

ನಿಶ್ಚಿತಾ ಮನಸ್ಸಿಲ್ಲದ ಮನಸ್ಸಿನಿಂದ ಬಂದಳು. ಬಿಳೀ ಥರ್ಮಾಕೋಲ್ ಹಾಳೆ ಹಿಡಿದು, ಬಿಸಿಲನ್ನು ಚಾಮುಂಡಮ್ಮನ ಮುಖಕ್ಕೆ ತಿರುಗಿಸಿ ನಿಂತಳು. ಸದಾಶಿವಯ್ಯನವರು ಕಂಬಳಿ ಹಾಸಿ, ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂತರು. ನಂಜುಂಡಸ್ವಾಮಿ ಬುರುಡೆ ಹಿಡಿದು ಗೂಟದ ಹಾಗೆ ನಿಂತು, ಒರಗಿಕೊಳ್ಳಿ ಅಂದರು, ಚಾಮುಂಡಮ್ಮ ಒರಗಿದರು. ಆ ಕಡೆ ನೋಡಿ ಅಂದರು, ನೋಡಿದರು. ನಗಿ ಅಂದರು. ಚಾಮುಂಡಮ್ಮನ ಕೈ ಸರ್ರನೆ ಬಾಯಿಗೆ ಹೋಯಿತು. ಕೈ ತೆಗೀರಮ್ಮ ಅಂದರೆ ತೆಗೆಯುವರು, ತೆಗೆದ ಕೂಡಲೇ ತುಟಿ ಬಿಗಿಯುವರು. ಮತ್ತೆ ನಗಿ ಎಂದರೆ ಮತ್ತೆ ಕೈ. ಆಕೆಗೇ ತನ್ನ ಮೇಲೆ ಸಿಟ್ಟು ಬಂತು. ಬೇಕೆಂದು ಮಾಡುತ್ತಿಲ್ಲಪ್ಪ, ಕೈಗೆ ಅಭ್ಯಾಸ ಆಗಿಹೋಗಿದೆ, ನನಗೆ ಪುಣ್ಯವಿಲ್ಲ ಬಿಡಿ ಎಂದು ಕಾರಿನಿಂದ ಸರಿದು ಚಪ್ಪಲಿ ಹುಡುಕಿದರು.

ಆಗ ನಿಶ್ಚಿತಾ ಅಪ್ಪನನ್ನು ನೋಡಿದಳು. ಅವರ ಎಡಗೈ ತಾನಾಗಿಯೇ ಮೇಲೆದ್ದು ಸೊಂಟದವರೆಗೆ ಬಂದಿತ್ತು. ಅಲ್ಲಿಯವರೆಗೆ ಬಂದು, ಮಗಳು ಇದ್ದಾಳೆ ಎಂದು ನೆನಪಾಗಿ, ಅಲ್ಲೇ ನಿಂತು, ಮೆಲ್ಲಗೆ ಕೆಳಗಿಳಿದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ಚಾಮುಂಡಮ್ಮನ ಕೈ ಬಾಯಿಗೆ ಹೋಗುತ್ತಿದ್ದದ್ದೂ ಅಪ್ಪನ ಕೈ ಬೆನ್ನ ಹಿಂದೆ ಹೋದದ್ದೂ ಒಂದೇ ಥರ ಇತ್ತು.

ನಿಶ್ಚಿತಾ ಥರ್ಮಾಕೋಲನ್ನು ಸೈಟಿನ ಕಲ್ಲಿಗೆ ಒರಗಿಸಿಟ್ಟಳು. ಕಾರಿನ ಹಿಂಭಾಗಕ್ಕೆ ಹೋದಳು. "ಅಮ್ಮ, ಈ ಕಡೆ ನೋಡಿ, ಇಂಗೆ ನಿಂತ್ಕೊಳ್ಳಿ," ಎಂದು ತನಗೆ ಬಂದ ಹಾಗೆ ಬಳುಕಿ ತೋರಿಸಿದಳು. ಒಂದು ಕಾಲು ಬಂಪರಿನ ಮೇಲಿಟ್ಟರೆ ಇನ್ನೊಂದು ನಡುಗುತ್ತಿತ್ತು, ಸೊಂಟ ಒಂದು ಕಡೆ ಹೋದರೆ ಕತ್ತು ಇನ್ನೊಂದು ಕಡೆ ಹೋಗುತ್ತಿತ್ತು.

ಚಾಮುಂಡಮ್ಮ ಚಪ್ಪಲಿ ಹುಡುಕುವುದನ್ನು ಬಿಟ್ಟು, ಸೆರಗಿನ ಹಿಂದಿನಿಂದ, ಇದೇನು ಮಗ, ಕಾಲು ಉಳುಕಿದ ಮೇಕೆ ಥರ ನಿಂತಿದ್ದೀಯಲ್ಲ ಅಂದರು.

ನಂಜುಂಡಸ್ವಾಮಿ ತಡೆದರು, ತಡೆದರು, ತಡೆಯಲಾಗಲಿಲ್ಲ. ಮಗಳ ಮೇಲಿನ ಪ್ರೀತಿಯೋ, ಕಲಿತ ವಿದ್ಯೆ ಕಣ್ಣೆದುರಿಗೆ ಕೆಡುತ್ತಿರುವ ಸಂಕಟವೋ, ಎರಡು ಹೆಜ್ಜೆ ಮುಂದೆ ಬಂದರು. "ಅಂಗಲ್ಲ ಕಣಮ್ಮ, ಎರಡೂ ಕಾಲ ಮೇಲೆ ಭಾರ ಹಾಕಿದ್ದೀಯ. ಒಂದು ಕಾಲನ್ನ ಮರೆತುಬುಡು."

"ಎಂಗೆ ಮರೆಯೋದು?"

ಅವರು ಬಾಯಿ ತೆರೆದರು. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಶಿಫ್ಟ್ ಬಸ್ಸು ತಿರುಗಿತು, ಕಿಟಕಿ ತುಂಬ ಮುಖ. ನಂಜುಂಡಸ್ವಾಮಿ ಥಟ್ಟನೆ ನೆಟ್ಟಗಾಗಿ ಕೈ ಬೆನ್ನಿಗೆ ಕಟ್ಟಿಕೊಂಡರು.

"ಬಸ್ ಹೋಗ್ಲಿ ಅಂತ ನಿಂತ್ರಾ ಅಪ್ಪಾಜಿ?"

"ನಿಮ್ಮ ಕಾಲೇಜಿನವರು ಯಾರಾದ್ರೂ ಇರಬಹುದು ಕಣಮ್ಮ."

"ಇರ್ಲಿ ಬುಡಿ," ಅಂದಳು ನಿಶ್ಚಿತಾ. ಅವಳ ಕಾಲು ಇನ್ನೂ ಬಂಪರಿನ ಮೇಲೇ ಇತ್ತು, ಇನ್ನೊಂದು ಇನ್ನೂ ನಡುಗುತ್ತಲೇ ಇತ್ತು. "ನಾನು ನಿಂತಿಲ್ವಾ? ಬನ್ನಿ, ತೋರ್ಸಿ."

ನಂಜುಂಡಸ್ವಾಮಿ ಬುರುಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸುತ್ತಿ ಗಂಟು ಹಾಕಿಕೊಂಡು ಬಂದು ಅವಳ ಪಕ್ಕ ನಿಂತರು. ಉಸಿರು ಬಿಟ್ಟರು. ಬಿಟ್ಟ ಉಸಿರಿನ ಜತೆ ಮೈಯೂ ಬಿಟ್ಟುಕೊಂಡಿತು. ಸೊಂಟ, ಭುಜ, ಕತ್ತು, ಕಣ್ಣು ಒಂದಾದ ಮೇಲೆ ಒಂದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಮಗಳು ನೋಡಿ ತಾನೂ ಒಂದು ಕಾಲು ಮರೆತಳು, ಮರೆತದ್ದು ಹೆಚ್ಚಾಗಿ ಜಾರಿ ಅಪ್ಪನ ತೋಳು ಹಿಡಿದಳು. ಬಸ್ಸಿನವರು ಹೋ ಎಂದು ಬಸ್ಸಿನ ಮೈ ಬಡಿದರು. ತಂದೆ ಮಗಳು ಇಬ್ಬರೂ ಬಳುಕಿದ ಕೈಯಲ್ಲೇ ಅವರಿಗೆ ಬೀಸಿದರು.

ಅಷ್ಟು ಹೊತ್ತಿಗೆ ಚಾಮುಂಡಮ್ಮ ಕಾರಿಗೆ ಒರಗಿದ್ದರು, ಒರಗದೆ ಅವರಿಗೆ ದಾರಿಯಿರಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿದ್ದವು, ಅಲ್ಲಿ ಹಿಡಿದುಕೊಳ್ಳದಿದ್ದರೆ ಹೊಟ್ಟೆ ನಿಲ್ಲುವ ಹಾಗಿರಲಿಲ್ಲ. ಸೆರಗು ಜಾರಿ ಮೊಣಕೈಗೆ ಬಂದಿತ್ತು. ಬಾಯಿಯ ಕಡೆ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಓರಗೆಯವರೆಲ್ಲ ಆಡಿಕೊಂಡ ಆ ಹಲ್ಲುಗಳು, ಮುಂದಿನವು ಹಿಂದಿನವು ಎನ್ನದೆ ಅಷ್ಟೂ, ಬಿಸಿಲಿಗೆ ಬಂದವು. ನಂಜುಂಡಸ್ವಾಮಿ ಬುರುಡೆ ಅಮುಕಿದರು.

ನಗು ಒಂದು ಹದಕ್ಕೆ ಬಂದ ಮೇಲೆ ಚಾಮುಂಡಮ್ಮ ಕಣ್ಣೊರೆಸಿಕೊಂಡು, ಇದು ನನ್ನ ಪೆಟ್ಟಿಗೆಗೆ ಆಯಿತು, ಗೋಡೆಗೆ ಹಾಕಲು ಬಾಯಿ ಮುಚ್ಚಿದ್ದು ಗಂಭೀರವಾಗಿ ಇನ್ನೊಂದು ತೆಗೆದುಬಿಡಿ ಅಂದರು. ಸರಿ ಎಂದು ನಂಜುಂಡಸ್ವಾಮಿ ಮೀಸೆ ತಿರುವಿ ಕ್ಯಾಮೆರಾದ ಹಿಂದೆ ಹೋಗಿ ಗಂಭೀರವಾಗಿ ನಿಂತರು. ಚಾಮುಂಡಮ್ಮನೂ ಸೆರಗು ಸರಿಮಾಡಿಕೊಂಡು ತುಟಿ ಮುಚ್ಚಿ ನಿಂತರು. ಕಾರಿನ ಹಿಂದೆ ನಿಶ್ಚಿತಾ ಒಬ್ಬಳೇ, ಒಂದು ಕಾಲನ್ನು ಮರೆಯುವುದು ಹೇಗೆಂದು ಇನ್ನೂ ಅಭ್ಯಾಸ ಮಾಡುತ್ತಿದ್ದಳು. ಅದು ಚಾಮುಂಡಮ್ಮನ ಕಡೆಗಣ್ಣಿಗೆ ಬಿತ್ತು. ಮುಚ್ಚಿದ ತುಟಿ ಮೊದಲು ನಡುಗಿತು, ಆಮೇಲೆ ಬಿಟ್ಟುಕೊಂಡಿತು. ಮತ್ತೆ ಮುಚ್ಚಿದರು, ಮತ್ತೆ ಬಿಟ್ಟಿತು. ಬಿಸಿಲು ಇಳಿಯುವವರೆಗೆ ಪ್ರಯತ್ನಪಟ್ಟರೂ ಗೋಡೆಗೆ ಹಾಕುವ ಫೋಟೊ ಅವತ್ತು ಆಗಲೇ ಇಲ್ಲ.